ಯಾವ ದವಡೆಗೆ ಇಟ್ಟುಕೊಳ್ಳುತ್ತೀರಿ?

1986ರ ನವರಾತ್ರಿ ಕಳೆದ ಮೇಲೆ ನನ್ನ ಅಜ್ಜಿಯನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನನಗಾಗ ಹನ್ನೊಂದು ವರ್ಷ. ಅಜ್ಜಿಗೆ ಊರು ಬಿಟ್ಟರೆ ಭಯ, ನಾನು ಜೊತೆಗಿದ್ದರೆ ಧೈರ್ಯ ಎಂದು ಅಪ್ಪ ನನ್ನನ್ನೂ ಕರೆದೊಯ್ದಿದ್ದರು. ಡಾಕ್ಟರು ಅಜ್ಜಿಯ ಬಾಯಿಗೆ ಬ್ಯಾಟರಿ ಬಿಟ್ಟು ನೋಡಿದರು. ಬಾಯಿ ಪೂರ್ತಿ ತೆರೆಯಲು ಅವಳಿಂದ ಆಗುತ್ತಿರಲಿಲ್ಲ. ಬ್ಯಾಟರಿ ಆರಿಸಿ ಅವರು ಕೇಳಿದ ಮೊದಲ ಪ್ರಶ್ನೆ ಇದು: "ಅಜ್ಜಿ, ಎಲೆಅಡಿಕೆ ಯಾವ ದವಡೆಗೆ ಇಟ್ಟುಕೊಳ್ಳುತ್ತೀರಿ?"

ಅಜ್ಜಿ ಮಾತಾಡಲಿಲ್ಲ. ಬೆರಳನ್ನು ಎಡಗೆನ್ನೆಗೆ ಮುಟ್ಟಿಸಿದಳು. ಹುಣ್ಣು ಇದ್ದದ್ದೂ ಅಲ್ಲೇ.

ಅದಕ್ಕೂ ಮುಂಚೆ ಏಳೆಂಟು ತಿಂಗಳು ನಮ್ಮ ಮನೆಯಲ್ಲಿ ಪಥ್ಯ ನಡೆದಿತ್ತು. ಬದನೆಕಾಯಿ ನಂಜು, ಹುರುಳಿ ನಂಜು, ಮಾವಿನಮಿಡಿ ಉಪ್ಪಿನಕಾಯಿ ಅಂತೂ ಕೂಡದೇ ಕೂಡದು ಎಂದು ನೋಡಲು ಬಂದವರೆಲ್ಲ ಹೇಳಿದ್ದರು. ಅಜ್ಜಿ ಅವೆಲ್ಲವನ್ನೂ ಬಿಟ್ಟಳು. ಕೊನೆಗೆ ಮೆಣಸಿನ ಖಾರವನ್ನೂ ಬಿಟ್ಟು ಮಜ್ಜಿಗೆ ಅನ್ನಕ್ಕೆ ಬಂದು ನಿಂತಳು. ಆ ಅನ್ನ ಉಂಡಾದ ಮೇಲೆ ಹರಿವಾಣ ಎಳೆದುಕೊಂಡು ಒಂದು ಕವಳ ಹಾಕುತ್ತಿದ್ದಳು. ಅದನ್ನು ಬಿಡು ಎಂದು ಯಾರೂ ಹೇಳಲಿಲ್ಲ. ಹೇಳುವುದಿರಲಿ, ಯಾರಿಗೂ ತೋಚಲೇ ಇಲ್ಲ. ನೋಡಲು ಬಂದವರೂ ಅದೇ ಹರಿವಾಣದಿಂದ ಕವಳ ಹಾಕಿಕೊಂಡು ನಂಜಿನ ವಿಷಯ ಮಾತಾಡುತ್ತಿದ್ದರು.

ಶಿರಸಿ-ಸಿದ್ದಾಪುರದ ಕಡೆ ಎಲೆಅಡಿಕೆಗೆ ಕವಳ ಎನ್ನುತ್ತೇವೆ. ಮನೆಗೆ ಬಂದವರಿಗೆ ನೀರು-ಬೆಲ್ಲದ ಮೇಲೆ ಕವಳ. ತೋಟದ ಆಳಿಗೆ ಕೂಲಿಯ ಜೊತೆ ಕವಳ. ರಾತ್ರಿಯಿಡೀ ಯಕ್ಷಗಾನ ನೋಡುವವರಿಗೂ ಆಡುವವರಿಗೂ ಕವಳ. ಇದು ಊಟವೂ ಅಲ್ಲ, ಚಟ ಎಂದು ಅನ್ನಿಸಿಕೊಂಡದ್ದೂ ಅಲ್ಲ. ಹಾಗಾಗಿ ರೋಗಕ್ಕೆ ಕಾರಣ ಹುಡುಕಲು ಹೊರಟವರ ಕಣ್ಣಿಗೆ ಅದು ಬೀಳುವುದು ಕಷ್ಟ. ಆ ಡಾಕ್ಟರಿಗೆ ಅಷ್ಟು ಸಲೀಸಾಗಿ ಆ ಪ್ರಶ್ನೆ ಹೇಗೆ ಬಂತು ಎಂಬ ಕುತೂಹಲ ನನಗೆ ಬಹಳ ವರ್ಷಗಳ ಮೇಲೆ ಹುಟ್ಟಿತು. ಹಳೆಯ ವೈದ್ಯಕೀಯ ಪತ್ರಿಕೆಗಳನ್ನು ಓದತೊಡಗಿದ್ದು ಆ ನೆಪದಲ್ಲಿ.

ಮೊದಲು ಅಜ್ಜಿಯ ಹರಿವಾಣದಲ್ಲಿ ಏನಿತ್ತು ಎಂಬುದನ್ನು ನೋಡೋಣ. ವೀಳ್ಯದೆಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ನಾಲ್ಕೂ ಒಟ್ಟಿಗೆ ಹುಟ್ಟಿದವು ಎಂಬಂತೆ ಒಂದೇ ತಟ್ಟೆಯಲ್ಲಿ ಕೂತಿರುತ್ತವೆ. ಆದರೆ ಮೊದಲ ಮೂರು ತೀರಾ ಹಳೆಯವು, ನಾಲ್ಕನೆಯದು ನಿನ್ನೆ ಮೊನ್ನೆ ಬಂದ ನೆಂಟ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಗಗಳ ಸಾಲಿನಲ್ಲಿ ತಾಂಬೂಲಕ್ಕೂ ಜಾಗವಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಎಲೆಅಡಿಕೆಯ ಗುಣಗಾನ ಮಾಡಿದ್ದಾನೆ. ಇಬ್ಬರ ತಾಂಬೂಲದಲ್ಲೂ ಹೊಗೆಸೊಪ್ಪು ಇರಲು ಸಾಧ್ಯವಿರಲಿಲ್ಲ, ಅದಿನ್ನೂ ಸಮುದ್ರದ ಆಚೆ ಅಮೆರಿಕಾ ಖಂಡದಲ್ಲಿತ್ತು. (ಇಂಗ್ಲಿಷಿನವರ 'ಅರೆಕಾ' ನಮ್ಮ ಅಡಿಕೆಯಿಂದ, ಮಲಯಾಳದ ಅಡಕ್ಕದಿಂದ, ಪೋರ್ಚುಗೀಸರ ಬಾಯಿಗೆ ಬಿದ್ದು ಹೋದ ಮಾತು. ಅವರು ಇಲ್ಲಿಂದ ಒಂದು ಪದ ಒಯ್ದರು, ಬದಲಿಗೆ ಒಂದು ಸೊಪ್ಪು ಕೊಟ್ಟರು.)

ಪೋರ್ಚುಗೀಸರು ಗೋವೆಯನ್ನು ಬಿಜಾಪುರದ ಆದಿಲಶಾಹಿಗಳಿಂದ ಕಿತ್ತುಕೊಂಡದ್ದು 1510ರಲ್ಲಿ. ಆ ಶತಮಾನ ಮುಗಿಯುವ ಹೊತ್ತಿಗೆ ಹೊಗೆಸೊಪ್ಪು ಬಿಜಾಪುರದ ಪೇಟೆಯಲ್ಲಿತ್ತು. ಅಕ್ಬರನ ರಾಯಭಾರಿ ಅಸದ್ ಬೇಗ್ ಸುಮಾರು 1604ರಲ್ಲಿ ಬಿಜಾಪುರಕ್ಕೆ ಬಂದವನು ಅಂಥದ್ದನ್ನು ಹಿಂದೆ ಕಂಡಿರಲಿಲ್ಲ. ಒಂದಿಷ್ಟು ಕೊಂಡು, ರತ್ನ ಕೂರಿಸಿದ ನಳಿಗೆ ಮಾಡಿಸಿ ದೊರೆಗೆ ಒಯ್ದು ಕೊಟ್ಟ. ಅವನೇ ಬರೆದಿಟ್ಟಿರುವಂತೆ ಅಕ್ಬರ್ ಎರಡು ದಮ್ಮು ಎಳೆದ, ಆಸ್ಥಾನದ ವೈದ್ಯ ಅಡ್ಡ ಬಂದ. ನಮ್ಮ ಗ್ರಂಥಗಳಲ್ಲಿ ಇದರ ವಿಷಯವಿಲ್ಲ, ಯಾರೂ ಪರೀಕ್ಷಿಸಿದ ವಸ್ತುವಲ್ಲ ಎಂಬುದು ವೈದ್ಯನ ತಕರಾರು. ಲೋಕದ ಯಾವ ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಎಂದು ಅಸದ್ ಬೇಗ್ ವಾದಿಸಿದ. ದೊರೆಗೆ ವಾದ ಹಿಡಿಸಿತಾದರೂ ಅವನು ಮತ್ತೆ ಸೇದಲಿಲ್ಲ. ಆಸ್ಥಾನದ ಅಮೀರರು ಸೇದಿದರು. 1617ರಲ್ಲಿ ಜಹಾಂಗೀರ್ ನಿಷೇಧಿಸಿದ, ಅಷ್ಟರಲ್ಲಿ ತಡವಾಗಿತ್ತು. ಈ ಪ್ರಸಂಗ ಓದುವಾಗಲೆಲ್ಲ ನನಗೆ ಆ ವೈದ್ಯನ ಮೇಲೆ ಮರುಕ ಬರುತ್ತದೆ. ಅವನ ಬಳಿ ಪುರಾವೆ ಇರಲಿಲ್ಲ, ಅನುಮಾನ ಮಾತ್ರ ಇತ್ತು.

ನಳಿಗೆಯಲ್ಲಿ ಸೇದುತ್ತಿದ್ದ ಸೊಪ್ಪು ಎಲೆಅಡಿಕೆಯ ಒಳಗೆ ಯಾವಾಗ ಸೇರಿತು ಎಂಬುದಕ್ಕೆ ಒಂದು ತಾರೀಖು ಹುಡುಕಬಾರದು, ಮನೆಮನೆಯ ಹರಿವಾಣದಲ್ಲಿ ಆದ ಬದಲಾವಣೆ ಅದು. ನಮ್ಮ ಅಜ್ಜಿಯ ಕಾಲಕ್ಕೆ ಸೊಪ್ಪಿಲ್ಲದ ಕವಳ ಮಕ್ಕಳಿಗೆ ಕೊಡುವ ಕವಳವಾಗಿತ್ತು.

ದಿನನಿತ್ಯದ ಅಭ್ಯಾಸದಿಂದ ಕ್ಯಾನ್ಸರ್ ಬರಬಹುದು ಎಂಬ ಯೋಚನೆ ಮೊದಲು ಹೊಳೆದದ್ದು 18ನೆಯ ಶತಮಾನದ ಲಂಡನ್ನಿನಲ್ಲಿ. 1761ರಲ್ಲಿ ಜಾನ್ ಹಿಲ್ ನಶ್ಯ ಏರಿಸುವವರ ಮೂಗಿನ ಗಡ್ಡೆಗಳ ಬಗ್ಗೆ ಎಚ್ಚರಿಸಿದ. 1775ರಲ್ಲಿ ಪರ್ಸಿವಲ್ ಪಾಟ್ ಚಿಮಣಿ ಗುಡಿಸುವ ಹುಡುಗರಿಗೆ ಮುಂದೆ ಬರುವ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದ. ಇಬ್ಬರೂ ನೋಡಿದ್ದು ಒಂದೇ ಸಂಗತಿಯನ್ನು: ವಸ್ತು ಎಲ್ಲಿ ಕೂರುತ್ತದೋ ರೋಗ ಅಲ್ಲಿ ಏಳುತ್ತದೆ.

ನಮ್ಮ ದಕ್ಷಿಣದಲ್ಲಿ ಆ ನೋಟ ಬಂದದ್ದು ಮದ್ರಾಸಿನ ಮತ್ತು ತಿರುವಾಂಕೂರಿನ ಆಸ್ಪತ್ರೆಗಳಿಗೆ. 1902ರಲ್ಲಿ ನಿಬ್ಲಾಕ್ ಎಂಬ ಮಿಲಿಟರಿ ವೈದ್ಯ ಮದ್ರಾಸಿನ ರೋಗಿಗಳನ್ನು ಕುರಿತು 'ಇಂಡಿಯನ್ ಮೆಡಿಕಲ್ ಗೆಜೆಟ್'ನಲ್ಲಿ ಬರೆಯುತ್ತ ಕೆನ್ನೆಯ ಕ್ಯಾನ್ಸರಿಗೂ ಎಲೆಅಡಿಕೆಗೂ ಇರುವ ನಂಟನ್ನು ಎತ್ತಿ ತೋರಿಸಿದ. ಬಿಳಿಯರ ದೇಶದಲ್ಲಿ ಅಪರೂಪವಾದ ಕೆನ್ನೆಯ ಒಳಮೈಯ ಕ್ಯಾನ್ಸರ್ ಇಲ್ಲಿ ದಿನಾ ಬರುತ್ತಿತ್ತು. ಕನ್ಯಾಕುಮಾರಿಯ ಹತ್ತಿರ ನೆಯ್ಯೂರು ಎಂಬ ಊರಿದೆ, ಆಗ ಅದು ತಿರುವಾಂಕೂರು ಸಂಸ್ಥಾನದಲ್ಲಿತ್ತು. ಅಲ್ಲಿನ ಮಿಶನ್ ಆಸ್ಪತ್ರೆಯ ಸರ್ಜನ್ನರು 1908ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ಗೆ ಎರಡು ಬರಹ ಕಳಿಸಿದರು. ಫೆಲ್ಸ್ ಬರೆದದ್ದು 209 ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳ ಮೇಲೆ. ಬೆಂಟಾಲ್ ಬರೆದದ್ದು 1,700 ಕ್ಯಾನ್ಸರ್ ರೋಗಿಗಳ ಮೇಲೆ, ಅದರಲ್ಲೂ ದೊಡ್ಡ ಪಾಲು ಬಾಯಿಯದೇ. ಆ 1,700 ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ರೇಡಿಯಂ ಚಿಕಿತ್ಸೆ ನಮ್ಮ ಕಡೆ ಇನ್ನೂ ಬಾರದ ಕಾಲ. ಕೆನ್ನೆ ತೂತಾಗಿ, ಕುಡಿದ ಗಂಜಿ ಹೊರಗೆ ಸುರಿಯುವ ಸ್ಥಿತಿಯಲ್ಲಿ ಎಷ್ಟು ಜನ ಆ ಆಸ್ಪತ್ರೆಯ ಜಗಲಿಗೆ ಬಂದು ಕೂತಿರಬೇಕು. ನಾನು ಇದನ್ನು ಕಲ್ಪಿಸಿ ಬರೆಯುತ್ತಿಲ್ಲ, ಅಜ್ಜಿಯ ಕೊನೆಯ ತಿಂಗಳುಗಳು ಹಾಗೇ ಇದ್ದವು.

ಎವರೆಸ್ಟ್ ಏರಲು ಹೋಗಿ ಹಿಮಾಲಯದಿಂದ ಇಳಿದು ಬಂದ ಹೋವರ್ಡ್ ಸಾಮರ್ವೆಲ್ ಮುಂದೆ ಎರಡು ದಶಕ ಕೆಲಸ ಮಾಡಿದ್ದೂ ಇದೇ ನೆಯ್ಯೂರಿನಲ್ಲಿ. 1933ರಲ್ಲಿ ಅದೇ ಆಸ್ಪತ್ರೆಯ ಐ.ಎಂ. ಆರ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಿರುವಾಂಕೂರಿನ ಎಲೆಅಡಿಕೆ ಅಗಿಯುವವರ ಬಾಯಿಯ ಕ್ಯಾನ್ಸರನ್ನು ಕುರಿತು ಬರೆದರು. ಹಿಂದಿನವರು ಗೆರೆ ಎಳೆದು ತೋರಿಸಿದ ಜಾಗದಲ್ಲಿ ಆರ್ ಅಗೆಯತೊಡಗಿದರು: ಏನೇನು ಸೇರಿಸುತ್ತಾರೆ, ಹೇಗೆ ಅಗಿಯುತ್ತಾರೆ, ಸೊಪ್ಪು ಯಾವ ಬಗೆಯದು. ಅಜ್ಜಿಯನ್ನು ಕೇಳಿದ ಪ್ರಶ್ನೆಯ ವಂಶಾವಳಿ ಇಲ್ಲಿಂದ ಇಳಿದು ಬಂದದ್ದು ಎಂದು ನನಗೆ ಅನ್ನಿಸುತ್ತದೆ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಡಾಲ್ ಮತ್ತು ಹಿಲ್ ಲಂಡನ್ನಿನಲ್ಲಿ ತೋರಿಸಿದ್ದು 1950ರಲ್ಲಿ, ಜಗತ್ತು ನೆನಪಿಟ್ಟುಕೊಂಡದ್ದು ಅದನ್ನು. ನೆಯ್ಯೂರಿನ ಬರಹಗಳು ಅದಕ್ಕಿಂತ ನಾಲ್ಕು ದಶಕ ಮುಂಚಿನವು. ಸೇದುವವನು ಲಂಡನ್ನಿನವನಾಗಿ, ಅಗಿಯುವವನು ತಿರುವಾಂಕೂರಿನವನಾಗಿದ್ದದ್ದೂ ಈ ಮರೆವಿಗೆ ಒಂದು ಕಾರಣವಿರಬೇಕು.

ಸ್ವಾತಂತ್ರ್ಯದ ನಂತರ ಈ ಎಳೆಯನ್ನು ಹಿಡಿದವರು ಮುಂಬೈನ ಟಾಟಾ ಮೆಮೊರಿಯಲ್ ಆಸ್ಪತ್ರೆಯ ಡಾ. ವಿ.ಆರ್. ಖಾನೋಲ್ಕರ್. 1941ರಲ್ಲಿ ಶುರುವಾದ ಆ ಆಸ್ಪತ್ರೆಗೆ ದೇಶದ ಎಲ್ಲ ಮೂಲೆಗಳಿಂದ, ಎಲ್ಲ ಜಾತಿ ಮತಗಳಿಂದ ರೋಗಿಗಳು ಬರುತ್ತಿದ್ದರು. ಖಾನೋಲ್ಕರ್ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕಸುಬಿನವರು. ಆದರೆ ಗಾಜಿನ ಮೇಲಿನ ಅಂಗಾಂಶದ ಚೂರನ್ನು ನೋಡಿ ಸುಮ್ಮನಾಗದೆ ಅದು ಯಾರದು, ಅವರು ಏನು ಉಡುತ್ತಾರೆ, ಏನು ತಿನ್ನುತ್ತಾರೆ, ಹೇಗೆ ಸೇದುತ್ತಾರೆ ಎಂದು ಕೇಳಿದರು. ಕಾಶ್ಮೀರದಲ್ಲಿ ಚಳಿಗೆ ಕಾಂಗಡಿ ಎಂಬ ಕೆಂಡದ ಮಡಕೆಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುವವರಿಗೆ ಹೊಟ್ಟೆ, ತೊಡೆಯ ಚರ್ಮದ ಕ್ಯಾನ್ಸರ್. ಧೋತರವನ್ನು ಬಿಗಿಯಾಗಿ ಕಟ್ಟುವವರಿಗೆ ಸೊಂಟದ ಚರ್ಮದಲ್ಲಿ. ಆಂಧ್ರದ ಕರಾವಳಿಯಲ್ಲಿ ಚುಟ್ಟದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ಹೆಂಗಸರಿಗೆ ಅಂಗುಳಿನಲ್ಲಿ. 1955ರಲ್ಲಿ ಸಾಂಘ್ವಿ, ರಾವ್ ಮತ್ತು ಖಾನೋಲ್ಕರ್ ಒಟ್ಟಿಗೆ ಪ್ರಕಟಿಸಿದ ಅಧ್ಯಯನ ಈ ಸಾಲಿನಲ್ಲಿ ಮುಖ್ಯವಾದದ್ದು. ಸೊಪ್ಪು ಅಗಿಯುವವರಿಗೆ ಬಾಯಿಯ ಮುಂಭಾಗದಲ್ಲಿ, ಬೀಡಿ ಸೇದುವವರಿಗೆ ನಾಲಿಗೆಯ ಬುಡದಲ್ಲಿ ಮತ್ತು ಗಂಟಲಲ್ಲಿ ರೋಗ ಹೆಚ್ಚು ಎಂದು ಅದು ಬಿಡಿಸಿ ತೋರಿಸಿತು.

ಇಷ್ಟರಲ್ಲಿ ಬೆಂಗಳೂರಿನ ಮಾತು ಬರಬೇಕು. 1973ರಲ್ಲಿ ಕಿದ್ವಾಯಿ ಸಂಸ್ಥೆ ಶುರುವಾಯಿತು, 1982ರಿಂದ ಊರಿನ ಎಲ್ಲ ಕ್ಯಾನ್ಸರ್ ರೋಗಿಗಳ ದಾಖಲಾತಿ ಆರಂಭವಾಯಿತು. ಆ ದಾಖಲೆಯಿಂದ 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ತೆಗೆದುಕೊಂಡು, ಅದೇ ಬಡಾವಣೆಯ ಅದೇ ವಯಸ್ಸಿನ ಆರೋಗ್ಯವಂತರ ಜೊತೆ ಹೋಲಿಸಿ ಎ. ನಂದಕುಮಾರ್ ಮತ್ತು ಸಂಗಡಿಗರು 1990ರಲ್ಲಿ ಒಂದು ಪ್ರಬಂಧ ಬರೆದರು. ಹೊಗೆಸೊಪ್ಪಿನ ಎಲೆಅಡಿಕೆ ಹಾಕುವ ಹೆಂಗಸರಿಗೆ ಅಪಾಯ ಹಾಕದವರಿಗಿಂತ ಸುಮಾರು 25 ಪಟ್ಟು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಬಾಯಲ್ಲಿ ಇರುತ್ತದೆ ಎಂಬ ಮೂರೂ ಲೆಕ್ಕ ಏರಿದಂತೆ ಅಪಾಯವೂ ಏರಿತು. ದವಡೆಯಲ್ಲಿಟ್ಟುಕೊಂಡೇ ಮಲಗುವವರನ್ನೂ ಅವರು ಪ್ರತ್ಯೇಕವಾಗಿ ಎಣಿಸಿದ್ದರು. ಅಜ್ಜಿ ಹಾಗೆ ಮಲಗುತ್ತಿದ್ದಳು. ಬೆಳಿಗ್ಗೆ ದಿಂಬಿನ ಮೇಲೆ ಕೆಂಪು ಕಲೆ ಇರುತ್ತಿತ್ತು, ಅಮ್ಮ ಅದನ್ನು ನಿಂಬೆಹುಳಿ ಹಾಕಿ ತೊಳೆಯುತ್ತಿದ್ದಳು.

ಆ ಪ್ರಬಂಧದಲ್ಲಿ ಇನ್ನೊಂದು ಸಾಲಿದೆ, ನಮ್ಮವರಿಗೆ ಕಸಿವಿಸಿ ತರುವಂಥದ್ದು. ರಾಗಿ ಉಣ್ಣುವವರಲ್ಲಿ ಉಣ್ಣದವರಿಗಿಂತ ಅಪಾಯ ಹೆಚ್ಚು ಕಂಡಿತು ಎಂದು. ಅದನ್ನು ಹಿಡಿದು ರಾಗಿಮುದ್ದೆ ಉಂಡರೆ ಕ್ಯಾನ್ಸರ್ ಬರುತ್ತದೆ ಎಂದು ಮೊಬೈಲಿನಲ್ಲಿ ಹರಿಯಬಿಡುವುದು ಸುಲಭ. ಆದರೆ ಆಹಾರ ಮತ್ತು ಕ್ಯಾನ್ಸರಿನ ಸಂಬಂಧ ಹೀಗೇ ಕೈಗೆ ಸಿಕ್ಕಂತೆ ಆಗಿ ಜಾರುತ್ತದೆ. 1981ರಲ್ಲಿ ಡಾಲ್ ಮತ್ತು ಪೀಟೋ ಅಮೆರಿಕದ ಕ್ಯಾನ್ಸರ್ ಸಾವುಗಳ ಕಾರಣಗಳನ್ನು ಲೆಕ್ಕ ಹಾಕಿದಾಗ ಆಹಾರಕ್ಕೆ ಶೇಕಡಾ 35 ಎಂದು ಬರೆದು, ಪಕ್ಕದಲ್ಲೇ ಅದು 10 ಇರಬಹುದು, 70 ಇರಬಹುದು ಎಂದೂ ಸೇರಿಸಿದರು. ತಂಬಾಕಿನ ಲೆಕ್ಕದಲ್ಲಿ ಅವರಿಗೆ ಅಂಥ ಅಳುಕು ಇರಲಿಲ್ಲ. ಉಂಡ ಅನ್ನ ಹೊಟ್ಟೆಗೆ ಇಳಿದು ಮೈಯೆಲ್ಲ ಹರಡುತ್ತದೆ. ಮೂವತ್ತು ವರ್ಷದ ಕೆಳಗೆ ಏನು ಉಂಡೆ, ಎಷ್ಟು ಉಂಡೆ ಎಂದು ಕೇಳಿದರೆ ಯಾರು ತಾನೇ ಸರಿಯಾಗಿ ಹೇಳಿಯಾರು? ಕವಳ ಹಾಗಲ್ಲ. ಅದು ಮೂವತ್ತು ವರ್ಷ ಒಂದೇ ದವಡೆಯಲ್ಲಿ ಕೂತಿರುತ್ತದೆ, ಕೇಳಿದರೆ ಬೆರಳಿಟ್ಟು ತೋರಿಸಬಹುದು. ಬದನೆಕಾಯಿಯನ್ನು ಅನುಮಾನಿಸಿದ ನಮ್ಮ ನೆಂಟರು ಪೂರ್ತಿ ದಡ್ಡರೇನೂ ಅಲ್ಲ. ಬಾಯಿಯ ರೋಗಕ್ಕೆ ಬಾಯಿಗೆ ಹೋಗುವುದರಲ್ಲೇ ಕಾರಣ ಹುಡುಕಿದ್ದರು. ಹುಡುಕುವಾಗ ಹರಿವಾಣವನ್ನು ದಾಟಿ ಅಡುಗೆಮನೆಗೆ ಹೋಗಿಬಿಟ್ಟರು ಅಷ್ಟೆ.

ಇನ್ನು ನಾನು ಬರೆಯಲು ಹಿಂಜರಿಯುವ ಭಾಗ. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿತು. ಸೊಪ್ಪಿಲ್ಲದ ಎಲೆಅಡಿಕೆಯ ಬಗ್ಗೆ ಹೇಳಲು ಪುರಾವೆ ಸಾಲದು ಎಂದಿತು. ಅಡಿಕೆ ಬೆಳೆಗಾರರ ಮನೆಯವನಾದ ನನಗೆ ಇದು ಸಮಾಧಾನದ ತೀರ್ಪು: ತಪ್ಪು ಆ ನೆಂಟನದು, ಮನೆಯವರದಲ್ಲ. ಆದರೆ 2004ರಲ್ಲಿ ಪ್ರಕಟವಾದ ಅವರ ಎರಡನೆಯ ಪರಿಶೀಲನೆ ಸೊಪ್ಪಿಲ್ಲದ ಎಲೆಅಡಿಕೆಯನ್ನೂ ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಮುಖ್ಯ ಸಾಕ್ಷಿ ತೈವಾನಿನದು. ಅಲ್ಲಿಯವರು ಹಸಿ ಅಡಿಕೆಯನ್ನು ಸುಣ್ಣದ ಜೊತೆ ಅಗಿಯುತ್ತಾರೆ, ಹೊಗೆಸೊಪ್ಪು ಹಾಕುವುದಿಲ್ಲ, ಬಾಯಿಯ ಕ್ಯಾನ್ಸರ್ ಅವರಲ್ಲೂ ಹೆಚ್ಚು. ಜೊತೆಗೆ ಬಾಯಿಯ ಒಳಚರ್ಮ ನಾರಿನಂತೆ ಬಿಗಿದುಕೊಂಡು ಬಾಯಿ ತೆರೆಯಲಾಗದ ಕಾಯಿಲೆಯೊಂದಿದೆ. 1952ರಲ್ಲಿ ಶ್ವಾರ್ಟ್ಸ್ ಎಂಬವರು ಕೀನ್ಯಾದಲ್ಲಿ ನೆಲೆಸಿದ್ದ ಐದು ಮಂದಿ ಭಾರತೀಯ ಹೆಂಗಸರಲ್ಲಿ ಇದನ್ನು ಗುರುತಿಸಿ ವರ್ಣಿಸಿದರು. ಮರುವರ್ಷ ಮುಂಬೈನ ಜೋಶಿಯವರೂ ಬರೆದರು. ಅದರ ಬೇರು ಅಡಿಕೆಯಲ್ಲೇ ಇದೆ ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಅಡಿಕೆಯ ಅರೆಕೋಲಿನ್ ಎಂಬ ಅಂಶ ಸುಣ್ಣದ ಕ್ಷಾರ ತಗುಲಿದಾಗ ಬದಲಾಗುತ್ತದೆ, ಬಾಯಲ್ಲೇ ಹಾನಿಕರ ನೈಟ್ರೋಸಮೈನುಗಳು ಹುಟ್ಟುತ್ತವೆ. ನಾಲಿಗೆಗೆ ರುಚಿಯಾಗಿ ಕೆಂಪಾಗುವ ಆ ಕ್ರಿಯೆಯ ಜೊತೆಜೊತೆಗೇ ಇವೆಲ್ಲ ನಡೆಯುತ್ತವೆ.

ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಗುಟ್ಕಾದ ಪಾಪವನ್ನು ಅಡಿಕೆಯ ತಲೆಗೆ ಕಟ್ಟುತ್ತಿದ್ದಾರೆ ಎನ್ನುತ್ತಾರೆ. ಅದರಲ್ಲಿ ಒಂದು ನಿಜವಿದೆ. ಅಜ್ಜಿಗೆ ಒಂದು ಕವಳ ಕಟ್ಟಲು ಐದು ನಿಮಿಷ ಬೇಕಿತ್ತು. ಎಲೆಯ ನಾರು ತೆಗೆಯಬೇಕು, ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡಬೇಕು, ಸುಣ್ಣ ಸವರಬೇಕು. 1970ರ ದಶಕದ ನಂತರ ಬಂದ ಪೊಟ್ಟಣಕ್ಕೆ ಎಲೆಯೂ ಬೇಡ, ಪುರಸೊತ್ತೂ ಬೇಡ, ಶಾಲೆಗೆ ಹೋಗುವ ಹುಡುಗನ ಜೇಬಿಗೂ ಎಟಕುವ ಬೆಲೆ. ಕರ್ನಾಟಕ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆಯದೊಂದು, ತಂಬಾಕಿನದೊಂದು ಎಂದು ಎರಡು ಪೊಟ್ಟಣ ಮಾಡಿ ನೇತುಹಾಕಿದರು. ಕೊಂಡವನು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ.

ಆದರೂ 2004ರ ತೀರ್ಮಾನ ಪೊಟ್ಟಣದ ಬಗ್ಗೆ ಮಾತ್ರ ಅಲ್ಲ ಎಂಬುದನ್ನು ನಾನು ಓದಿಬಿಟ್ಟಿದ್ದೇನೆ. ನನ್ನ ಓದು ನಡೆದದ್ದು ಅಡಿಕೆಯ ದುಡ್ಡಿನಲ್ಲಿ. ಅಜ್ಜಿಯ ಆಸ್ಪತ್ರೆಯ ಬಿಲ್ಲು ಕಟ್ಟಿದ್ದೂ ಆ ವರ್ಷದ ಅಡಿಕೆ ಮಾರಿಯೇ. ಈ ಲೇಖನ ಬರೆಯುತ್ತಿದ್ದೇನೆಂದು ಅಣ್ಣನಿಗೆ ಹೇಳಿದೆ. ತೋಟ ನೋಡಿಕೊಂಡು ಊರಲ್ಲೇ ಇರುವವನು ಅವನು. "ನಮ್ಮ ಅನ್ನಕ್ಕೇ ಕಲ್ಲು ಹಾಕ್ತ್ಯನಾ ಮಾರಾಯ?" ಎಂದು ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ಬರಿ, ಆದ್ರೆ ಸೊಪ್ಪಿನ ಸುದ್ದಿ ಮೊದಲು ಬರಿ" ಎಂದ. ಹಾಗೇ ಬರೆದಿದ್ದೇನೆ.

ಬಿಡಿಸಲು ಸಾಧ್ಯವೇ ಇಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. 1977ರಿಂದ ಕೇರಳದ ಎರ್ನಾಕುಲಂ, ಗುಜರಾತಿನ ಭಾವನಗರ, ಆಂಧ್ರದ ಶ್ರೀಕಾಕುಳಂ ಜಿಲ್ಲೆಗಳ ಹಳ್ಳಿಗಳಲ್ಲಿ ತಂಬಾಕು ಬಳಸುವ ಸುಮಾರು 36,000 ಮಂದಿಯನ್ನು ಮನೆಮನೆಗೆ ಹೋಗಿ ಮಾತಾಡಿಸಿದರು. ಬಿಟ್ಟವರು, ಕಡಿಮೆ ಮಾಡಿದವರು ಇದ್ದರು. ಕ್ಯಾನ್ಸರಿಗೆ ಮುನ್ನ ಬಾಯಲ್ಲಿ ಏಳುವ ಬಿಳಿಮಚ್ಚೆಗಳು ಕಡಿಮೆಯಾದದ್ದನ್ನು 1986ರಲ್ಲಿ ಪ್ರಕಟಿಸಿದರು. ನಾವು ಅಜ್ಜಿಯನ್ನು ಬೆಂಗಳೂರಿಗೆ ಕರೆದೊಯ್ದ ವರ್ಷ ಅದು. ಆಮೇಲೆ ತಿರುವನಂತಪುರದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಬರಿಗಣ್ಣಿನಿಂದ ಜನರ ಬಾಯಿ ನೋಡುತ್ತ ಹೋದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದರಷ್ಟು ಇಳಿದದ್ದು 2005ರಲ್ಲಿ ತಿಳಿಯಿತು. ಬೇಕಾದದ್ದು ಬೆಳಕು, ಮತ್ತು ಬಾಯಿ ತೆರೆಯಿರಿ ಎಂದು ಕೇಳುವ ಒಬ್ಬರು.

ಕಳೆದ ಕೊಯ್ಲಿಗೆ ಊರಿಗೆ ಹೋಗಿದ್ದೆ. ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯಲು ಏಳೆಂಟು ಹೆಂಗಸರು ಬಂದಿದ್ದರು. ಮಾತಿಗೆ ಮಾತು ಬಂದು ಅಜ್ಜಿಯ ಕಥೆ, ಡಾಕ್ಟರು ಕೇಳಿದ ಪ್ರಶ್ನೆ ಎಲ್ಲ ಹೇಳಿದೆ. ಎಲ್ಲರೂ ಸುಮ್ಮನಾದರು, ಸುಲಿಯುವ ಸದ್ದು ಮಾತ್ರ ಉಳಿಯಿತು. ಆಮೇಲೆ ಮೂಲೆಯಲ್ಲಿ ಕೂತಿದ್ದ, ಅಜ್ಜಿಯ ಕಾಲದಿಂದಲೂ ನಮ್ಮ ಮನೆಗೆ ಬರುತ್ತಿರುವ ಹೆಂಗಸು ಕತ್ತಿಯಿಂದ ಕೈ ತೆಗೆಯದೆ ಕೇಳಿದಳು:

"ಹಂಗಾರೆ ಬಲಬದಿಗೆ ಇಟ್ಕಂಡ್ರೆ ಅಡ್ಡಿಲ್ವಾ ಹೆಗಡೇರೆ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. ಎದ್ದು ಹೋಗಿ ಅಂಗಳದ ಅಂಚಿನಲ್ಲಿ ಬಾಯಿ ಮುಕ್ಕಳಿಸಿ ಬಂದು ನನ್ನ ಮುಂದೆ ಕೂತಳು. ಮೊಬೈಲಿನ ಬೆಳಕು ಹಾಕಿದೆ. ಎಡದವಡೆಯ ಒಳಗೆ, ಸುಣ್ಣ ಮೆತ್ತಿದ ಹಾಗೆ, ಒಂದು ಬಿಳಿಯ ಗುರುತಿತ್ತು. ಬೆರಳಿಂದ ಒರೆಸಿಕೊಂಡು ನೋಡು ಎಂದೆ. ಒರೆಸಿಕೊಂಡಳು. ಹೋಗಲಿಲ್ಲ.

ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಅವಳನ್ನು ಕರೆದುಕೊಂಡು ಅಣ್ಣನೇ ಹೊರಟ.